ಆನೆಯ ಬಣ್ಣದ ಸಕ್ಕರೆ

“ಬುದ್ಧಿ, ಆಗಲೇ ಕೆಟ್ಟುಹೋಗಿರುವ ಕೆಲಸಕ್ಕೆ ನಾನೊಬ್ಬ ಕೈ ಸೇರಿಸಿದರೆ ಅದು ಇನ್ನೆಷ್ಟು ಕೆಟ್ಟೀತು?”

ಕೇಳಿದವನು ಗುರುಮಲ್ಲಪ್ಪ. ಮಠದಲ್ಲೇ ಓದಿ ಬೆಳೆದು, ಮಠದ ಶಾಲೆಯಲ್ಲೇ ಗಣಿತದ ಮೇಷ್ಟ್ರಾಗಿದ್ದವನು. ಗುರುಗಳು ಜಗಲಿಯ ಮೇಲೆ ಕುಳಿತಿದ್ದರು. ಯಾವ ಕೆಲಸ ಎಂದು ಕೇಳಿದರು.

ಅವನು ಹೇಳಿದ. ದಾಸೋಹದ ಉಗ್ರಾಣದ ಬಾಗಿಲು ಹಿಂದಿನ ವಾರ ಒಂದು ದಿನ ತೆರೆದೇ ಉಳಿದಿತ್ತು. ಮಂಗಗಳು ನುಗ್ಗಿ ಬೆಲ್ಲವನ್ನೆಲ್ಲ ಸೂರೆ ಮಾಡಿದ್ದವು. ಅಂದು ಕೀಲಿಕೈ ಇದ್ದದ್ದು ಮೇಷ್ಟ್ರುಗಳ ಕೋಣೆಯಲ್ಲಿ. ಯಾರು ತೆಗೆದರು, ಯಾರು ಮತ್ತೆ ಬೀಗ ಹಾಕಲಿಲ್ಲ ಎಂಬುದು ಕೆಲವರಿಗೆ ನೆನಪಿರಲಿಲ್ಲ. ನೆನಪಿದ್ದವರು ಬಾಯಿ ಬಿಡಲಿಲ್ಲ. ಕೊನೆಗೆ, ಬಾಗಿಲು ತೆರೆದಿಟ್ಟವನು ಜವಾನ ಎಂದು ಮೇಷ್ಟ್ರುಗಳೆಲ್ಲ ಒಂದೇ ಮಾತು ಹೇಳಿದರು. ಜವಾನನಿಗೆ ಅಂದು ಕೀಲಿಕೈ ಸಿಕ್ಕಿಯೇ ಇರಲಿಲ್ಲ.

“ನಾಳೆ ಮಂಡಳಿಯವರು ನನ್ನನ್ನು ಕೇಳುತ್ತಾರೆ,” ಎಂದ ಗುರುಮಲ್ಲಪ್ಪ. “ನಾನು ಇಲ್ಲ ಎಂದರೂ ಜವಾನನ ಕೆಲಸ ಉಳಿಯುವುದಿಲ್ಲ. ಅಷ್ಟು ಜನ ಹೇಳಿದ್ದನ್ನು ಒಬ್ಬನ ಮಾತು ಅಳಿಸುವುದಿಲ್ಲ. ಹೌದು ಎಂದರೆ ಹೊಸದಾಗಿ ಏನೂ ಕೆಡುವುದಿಲ್ಲ. ಮೇಲಾಗಿ ನಾನೇನು ಶುದ್ಧನೆ? ಹಿಂದೊಮ್ಮೆ ಅದೇ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದವನು. ಲೆಕ್ಕ ಹಾಕಿ ನೋಡಿದೆ, ಬುದ್ಧಿ. ನನ್ನ ಮಾತಿನ ಬೆಲೆ ಸೊನ್ನೆ.”

“ಲೆಕ್ಕ ಚೆನ್ನಾಗಿ ಹಾಕಿದ್ದೀಯೆ,” ಎಂದರು ಗುರುಗಳು. “ಕೂತುಕೋ. ಒಂದು ಕತೆ ಹೇಳುತ್ತೇನೆ.”

ಗುರುಮಲ್ಲಪ್ಪ ಕುಳಿತ. ಗುರುಗಳು ಹೇಳಿದರು.

ಈ ಕತೆಯಲ್ಲಿ ರಾಜನಿಲ್ಲ, ಋಷಿಯಿಲ್ಲ. ಒಂದು ಬೇಕರಿ ಇದೆ. ಆ ಬೇಕರಿಯ ಅಡುಗೆಮನೆಗೆ ಒಂದು ನಿಯಮ ಇದೆ. ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕತೆಯಲ್ಲಿ ಅದಕ್ಕೆ ಒಳಪಟ್ಟವರೆಲ್ಲರೂ ಅದನ್ನು ಮುರಿಯುತ್ತಾರೆ.

ಬಣ್ಣ ಕಲಸಿ ಮುಚ್ಚಿಟ್ಟದ್ದನ್ನು, ಮುಚ್ಚಿದವನ ಹೊರತು ಬೇರೆ ಯಾರೂ ತೆರೆಯಕೂಡದು.

ನಿಯಮಕ್ಕೆ ಕಾರಣವಿತ್ತು. ಕೇಕಿನ ಮೇಲೆ ಹೊದಿಸುವ ಐಸಿಂಗ್ ಎಂದರೆ ಆ ಬೇಕರಿಯಲ್ಲಿ ಸಕ್ಕರೆಯ ಕಣಕ. ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿದ ಬಿಳಿ ಸಕ್ಕರೆಯನ್ನು ಹೋಳಿಗೆಯ ಕಣಕದ ಹದಕ್ಕೆ ನಾದಿ, ಲಟ್ಟಿಸಿ, ಕೇಕಿನ ಮೇಲೆ ಸೆರಗಿನ ಹಾಗೆ ಹೊದಿಸುತ್ತಿದ್ದರು. ಬಣ್ಣ ಬೇಕಾದರೆ ಹನಿ ಹನಿಯಾಗಿ ಹಾಕಿ ನಾದಬೇಕು. ಹಾಕಿದ ಬಣ್ಣ ಹಾಕಿದ ಕೂಡಲೇ ಪೂರ್ತಿ ಕಾಣುವುದಿಲ್ಲ. ಒದ್ದೆ ಬಟ್ಟೆ ಮುಚ್ಚಿ ಒಂದು ರಾತ್ರಿ ಬಿಟ್ಟರೆ ಅದು ಒಳಗೊಳಗೇ ಗಾಢವಾಗುತ್ತದೆ. ಇಂದು ತೆಳುವಾಗಿ ಕಂಡದ್ದು ನಾಳೆ ಸರಿಯಾಗಿರುತ್ತದೆ. ಇಂದೇ ಸರಿ ಎನಿಸಿದ್ದು ನಾಳೆ ಮಿತಿ ಮೀರಿರುತ್ತದೆ.

ಎಲ್ಲ ಬಣ್ಣಗಳ ಸ್ವಭಾವವೂ ಇದೇ. ಬೂದು ಬಣ್ಣದ್ದು ಇನ್ನೂ ಕಠಿಣ. ಕೆಂಪು ತಪ್ಪಿದರೆ ಕೆಂಪಾಗಿಯೇ ತಪ್ಪುತ್ತದೆ. ಹೆಚ್ಚೆಂದರೆ ಒಂದಿಷ್ಟು ತೆಳು, ಒಂದಿಷ್ಟು ಗಾಢ. ಬೂದು ಹಾಗಲ್ಲ. ಬಿಳಿಗೆ ಬರಿಯ ಕಪ್ಪು ಹಾಕಿದರೆ ಅದು ನೇರಳೆಯ ಕಡೆಗೆ ಓಡುತ್ತದೆ. ಹಿಡಿದು ನಿಲ್ಲಿಸಲು ಹಳದಿ ಹಾಕಬೇಕು. ಹಳದಿ ತುಸು ಹೆಚ್ಚಾದರೆ ಪಾಚಿಯ ಹಸಿರಾಗುತ್ತದೆ. ಹಸಿರನ್ನು ಅಡಗಿಸಲು ಹೋಗಿ ಕೆಂಪು ಹೆಚ್ಚಾಯಿತೋ, ಕೆಸರು. ಯಾವ ಬಣ್ಣವೂ ಎದ್ದು ಕಾಣದ ಹಾಗೆ ಎಲ್ಲ ಬಣ್ಣವನ್ನೂ ಕೂರಿಸುವ ಕೆಲಸ ಅದು. ಆ ಬೇಕರಿಯಲ್ಲಿ ಅದನ್ನು ಮಾಡಬಲ್ಲವನು ಒಬ್ಬನೇ ಇದ್ದ. ಅವನನ್ನು ಬಣ್ಣಗಾರ ಎನ್ನುತ್ತಿದ್ದರು.

ಇನ್ನೊಂದು ಮಾತು ನೆನಪಿಟ್ಟುಕೋ. ಆ ಅಡುಗೆಮನೆಯಲ್ಲಿ ಕೈಗವಸು ಹಾಕಿಕೊಂಡು ಯಾರೂ ನಾದುತ್ತಿರಲಿಲ್ಲ. ಸಕ್ಕರೆಯ ಹದ ಬೆರಳಿಗೇ ತಿಳಿಯಬೇಕು ಎಂದು ಯಜಮಾನನ ಹಟ. ಬಣ್ಣ ಬೆರಳಿಗೆ ಹಿಡಿದರೆ ಸೋಪಿಗೂ ಹೋಗುವುದಿಲ್ಲ, ನಿಂಬೆಹುಳಿಗೂ ಹೋಗುವುದಿಲ್ಲ. ಚರ್ಮ ತಾನಾಗಿ ಬಿಡುವ ತನಕ ಇರುತ್ತದೆ. ಬಣ್ಣ ಹಿಡಿದ ಕೈ ಬಿಳಿಯನ್ನು ಮುಟ್ಟಿದರೆ ಬಿಳಿ ಉಳಿಯುವುದಿಲ್ಲ. ಹಾಗಾಗಿ ಬಣ್ಣಗಾರ ಬಿಳಿಯ ಕಣಕವನ್ನು ಎಂದೂ ತಾನು ನಾದುತ್ತಿರಲಿಲ್ಲ. ಬೇರೆ ಯಾರಾದರೂ ನಾದಿ ಕೊಟ್ಟ ಮೇಲೆ ಬಣ್ಣಕ್ಕೆ ಕುಳಿತುಕೊಳ್ಳುತ್ತಿದ್ದ.

ಆ ಬೇಕರಿಗೆ ಒಂದು ಭಾನುವಾರ ಒಬ್ಬ ಮಾವುತ ಬಂದ.

ಅವನ ಆನೆಗೆ ವಯಸ್ಸಾಗಿತ್ತು. ಮರ ಎಳೆಯುವ ಕೆಲಸದಿಂದ ಅದನ್ನು ಬಿಡಿಸಿದ್ದರು. ಬುಧವಾರ ಶಿಬಿರದಲ್ಲಿ ಅದಕ್ಕೆ ಕಬ್ಬು ಬೆಲ್ಲ ತಿನ್ನಿಸಿ, ಸರಪಳಿ ತೆಗೆದು, ಬೇರೆ ಕಾಡಿನ ಶಿಬಿರಕ್ಕೆ ಕಳಿಸುವವರಿದ್ದರು. ಮಾವುತ ಜೊತೆಗೆ ಹೋಗುವ ಹಾಗಿರಲಿಲ್ಲ. ಶಿಬಿರದ ಮಕ್ಕಳು ಎರಡು ದಿನದಿಂದ ಮುಖ ಊದಿಸಿಕೊಂಡಿದ್ದವು. ಆನೆಗೆ ಕಬ್ಬು, ಮಕ್ಕಳಿಗೆ ಕೇಕು ಎಂದು ಅವನು ನಿಶ್ಚಯಿಸಿದ್ದ. ಕೇಕು ಆನೆಯ ಆಕಾರದಲ್ಲಿರಬೇಕು.

“ಆಕಾರ ಹೆಚ್ಚುಕಡಿಮೆ ಆದರೂ ಚಿಂತೆಯಿಲ್ಲ ಸ್ವಾಮಿ,” ಎಂದ ಮಾವುತ. “ಬಣ್ಣ ಮಾತ್ರ ಅವಳದೇ ಬರಬೇಕು. ಮಕ್ಕಳು ನೋಡಿದ ಕೂಡಲೇ, ನಮ್ಮವಳು, ಅನ್ನಬೇಕು.”

“ಆನೆ ಬಣ್ಣ ಅಂದರೆ ಆನೆ ಬಣ್ಣ. ಅದರಲ್ಲಿ ನಿಮ್ಮವಳು, ಪಕ್ಕದವಳು ಅಂತ ಉಂಟೆ?” ಎಂದ ಯಜಮಾನ.

“ನನ್ನ ಹೆಂಡತಿ ಮನೆಗೆ ಬರುವ ಮುಂಚಿನಿಂದ ಅವಳ ಬೆನ್ನು ತಿಕ್ಕಿದ್ದೇನೆ. ಹೆಂಡತಿ ಸೀರೆಯ ಬಣ್ಣ ಕೇಳಿದರೆ ತಪ್ಪಬಹುದು. ಇದು ತಪ್ಪುವುದಿಲ್ಲ.”

ಅವನು ಸೊಂಟದಿಂದ ಒಂದು ಹೊಳೆಗಲ್ಲು ತೆಗೆದು ಮೇಜಿನ ಮೇಲಿಟ್ಟ. ಅವಳು ಸ್ನಾನ ಮಾಡಿ, ಮೈ ಒಣಗಿ ನಿಂತಾಗಿನ ಬಣ್ಣ ಈ ಕಲ್ಲಿನದು ಎಂದ. ಹೊಳೆದಂಡೆಯಲ್ಲಿ ಹುಡುಕಿ ತಂದಿದ್ದ.

ಸೋಮವಾರ ಬೆಳಗ್ಗೆ ಬಣ್ಣಗಾರ ಕುಳಿತ. ಯಜಮಾನನ ಹೆಂಡತಿ ಬಿಳಿಯ ಕಣಕ ನಾದಿ ಕೊಟ್ಟಿದ್ದಳು. ಅವನು ಕಲ್ಲನ್ನು ಎದುರಿಗಿಟ್ಟುಕೊಂಡ. ಕಪ್ಪು ಹಾಕಿದ, ನಾದಿದ. ಹಳದಿ ಹಾಕಿದ, ನಾದಿದ. ಕೆಂಪನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿದ. ಕಲ್ಲಿಗಿಂತ ತೆಳುವಾದ ಒಂದು ಬೂದು ಬಂತು. ಅಲ್ಲಿಗೆ ನಿಲ್ಲಿಸಿದ. ಒದ್ದೆ ಬಟ್ಟೆ ಮುಚ್ಚಿ, ಕಲ್ಲನ್ನು ಪಕ್ಕದಲ್ಲಿಟ್ಟು, ಬಟ್ಟೆ ಬದಲಿಸಿ ಹೊರಟ. ಅವನ ತಂಗಿಯ ಮಗುವಿಗೆ ನಾಮಕರಣ. ಮಂಗಳವಾರ ಮಧ್ಯಾಹ್ನಕ್ಕೆ ಬರುವವನಿದ್ದ.

“ಈಗ ಆನೆಮರಿಯ ಬಣ್ಣ ಇದೆ,” ಎಂದ ಬಾಗಿಲಲ್ಲಿ. “ಬೆಳಗಾಗುವಷ್ಟರಲ್ಲಿ ಆನೆಯಾಗುತ್ತದೆ. ಯಾರೂ ಮುಟ್ಟಬೇಡಿ.”

“ನಿಯಮ ಮಾಡಿದವನಿಗೇ ನಿಯಮ ಹೇಳುತ್ತೀಯಲ್ಲಯ್ಯ,” ಎಂದ ಯಜಮಾನ. ಎಲ್ಲರೂ ನಕ್ಕರು.

ಮೊದಲು ಬಟ್ಟೆ ಎತ್ತಿದವಳು ಯಜಮಾನಿ.

ಅವಳು ಚೊಕ್ಕಟದ ಹೆಂಗಸು. ಹೊಳೆಯಲ್ಲಿ ಬಿದ್ದಿದ್ದ ಕಲ್ಲು ತಿನ್ನುವ ಪದಾರ್ಥದ ಪಕ್ಕದಲ್ಲಿರುವುದು ಅವಳಿಗೆ ಸರಿಬರಲಿಲ್ಲ. ತೆಗೆದುಕೊಂಡು ಹೋಗಿ ನಲ್ಲಿಯ ಕೆಳಗೆ ತೊಳೆದಳು. ಒದ್ದೆಯಾದ ಕಲ್ಲು ಕಪ್ಪಾಯಿತು. ಅದನ್ನು ತಂದು, ಬಟ್ಟೆ ಎತ್ತಿ, ಕಣಕದ ಪಕ್ಕಕ್ಕೆ ಹಿಡಿದು ನೋಡಿದಳು. ಕಣಕ ತೀರ ಬಿಳಿಚಿಕೊಂಡ ಹಾಗೆ ಕಂಡಿತು. ಪಾಪ, ನಾಮಕರಣದ ಅವಸರದಲ್ಲಿ ಕಡಿಮೆ ಹಾಕಿದ್ದಾನೆ ಎಂದುಕೊಂಡಳು. ಕಪ್ಪಿನ ಸೀಸೆ ತೆಗೆದು ಹನಿಸಿದಳು, ನಾದಿದಳು, ಒದ್ದೆ ಕಲ್ಲಿಗೆ ಹೋಲಿಸಿದಳು. ಈಗ ಸರಿಹೋಯಿತು ಎನಿಸಿತು. ಮುಚ್ಚಿಟ್ಟಳು. ಸ್ವಲ್ಪ ಹೊತ್ತಿಗೆ ಕಲ್ಲು ಒಣಗಿ ತನ್ನ ಬಣ್ಣಕ್ಕೆ ತಾನು ಮರಳಿತು. ಅದನ್ನು ನೋಡಲು ಅವಳು ಅಲ್ಲಿರಲಿಲ್ಲ.

ಎರಡನೆಯವನು ಕೇಕಿಗೆ ಹೂವು ಬಿಡಿಸುವವನು. ಆನೆಯನ್ನು ರೂಪಿಸುವ ಕೆಲಸ ಅವನದು. ತನ್ನ ಕೈಗೆ ಬರುವ ಕಣಕ ಹೇಗಿದೆಯೆಂದು ನೋಡುವುದರಲ್ಲಿ ತಪ್ಪೇನು ಎಂದುಕೊಂಡ. ಟ್ಯೂಬ್‌ಲೈಟಿನ ಕೆಳಗೆ ತಂದು ಬಟ್ಟೆ ಎತ್ತಿದ. ಆ ಬೆಳಕಿಗೆ, ಹೆಚ್ಚಾದ ಆ ಕಪ್ಪಿಗೆ, ಕಣಕ ನೇರಳೆ ಹಣ್ಣು ತಿಂದವನ ನಾಲಗೆಯ ಹಾಗೆ ಕಂಡಿತು. ಹಳದಿ ಹಾಕಿ ನಾದಿದ. ನೇರಳೆ ಹೋಯಿತು. ಬಣ್ಣಗಾರನ ಮಾನ ಉಳಿಸಿದೆ ಎಂದು ಸಂತೋಷಪಟ್ಟ. ಮುಚ್ಚಿಟ್ಟ.

ಮೂರನೆಯವನು ಯಜಮಾನ. ಅವನು ಕಿಟಕಿಯ ಬಳಿ ತೆಗೆದು ನೋಡಿದ. ಹಗಲಿನ ಬೆಳಕಿಗೆ ಅದರಲ್ಲಿ ಹಸಿರು ಇಣುಕುತ್ತಿತ್ತು. ಕೆರೆಯಲ್ಲಿ ಮುಳುಗೆದ್ದ ಆನೆಯಾದರೆ ಸರಿ. ಒಣಗಿದ ಆನೆಗೆ ಹಸಿರೇಕೆ? ಅವನಿಗೆ ನಿಯಮ ನೆನಪಿತ್ತು. ನಿಯಮ ಕೆಲಸದವರಿಗೆ, ಯಜಮಾನನಿಗಲ್ಲ ಎಂದೂ ನೆನಪಾಯಿತು. ಕೆಂಪು ಹಾಕಿ ನಾದಿದ. ಮುಚ್ಚಿಟ್ಟ.

ಪ್ರತಿಯೊಬ್ಬರೂ ಕಂಡ ದೋಷ ಅಲ್ಲಿ ಇತ್ತು, ಗುರುಮಲ್ಲಪ್ಪ. ಪ್ರತಿಯೊಬ್ಬರೂ ಹಾಕಿದ ಹನಿ ಆ ಗಳಿಗೆಗೆ ಆ ದೋಷವನ್ನು ಅಡಗಿಸಿತು. ಯಾರೂ ಕೆಡಿಸಬೇಕೆಂದು ಬರಲಿಲ್ಲ. ಇದನ್ನು ಅವರ ಪರವಾಗಿ ಹೇಳುತ್ತಿದ್ದೇನೆ. ಇದಕ್ಕಿಂತ ಹೆಚ್ಚು ಅವರ ಪರವಾಗಿ ಹೇಳುವುದಕ್ಕೆ ಏನೂ ಇಲ್ಲ.

ನಾಲ್ಕನೆಯವನು ಒಲೆಯವನು. ಬ್ರೆಡ್ಡಿಗೆ, ಬನ್ನಿಗೆ ಹಿಟ್ಟು ನಾದಿ ಒಲೆಗೆ ಹಾಕುವುದು ಅವನ ಕೆಲಸ. ಬಣ್ಣದ ವಿಷಯ ಅವನಿಗೆ ಏನೂ ತಿಳಿಯದು. ಹಾದುಹೋಗುವಾಗ ಅವನೂ ಬಟ್ಟೆಯ ತುದಿ ಎತ್ತಿ ನೋಡಿದ. ಇದೇನೋ ಚೆನ್ನಾಗಿಲ್ಲ ಎನಿಸಿತು. ಬಟ್ಟೆ ಬಿಟ್ಟು ಹೋದ.

ಇಲ್ಲಿ ಗುರುಮಲ್ಲಪ್ಪ ಬಾಯಿ ಹಾಕಿದ. “ಹಾಗಾದರೆ ಅವನೂ ನಿಯಮ ಮುರಿದ ಹಾಗಾಯಿತು, ಬುದ್ಧಿ.”

“ಮುರಿದ,” ಎಂದರು ಗುರುಗಳು. “ತೆರೆಯಕೂಡದು ಎಂದಿತ್ತು. ತೆರೆದ. ನಾನು ಅದನ್ನು ಬಚ್ಚಿಡುವುದಿಲ್ಲ. ಮುಂದೆ ಕೇಳು.”

ಮಂಗಳವಾರ ಬೆಳಗ್ಗೆ ಎಲ್ಲರೂ ಕಾಫಿಗೆ ಸೇರಿದರು. ಯಜಮಾನಿ ಲೋಟ ಹಿಡಿದಿದ್ದಳು. ಹೂವಿನವನು ಅವಳ ಬೆರಳು ನೋಡಿದ.

“ಏನಮ್ಮ ಅದು, ಬೆರಳೆಲ್ಲ ಕಪ್ಪು?”

“ಕಾಡಿಗೆ ಕಟ್ಟಿದೆ. ನಿನ್ನದೇನು ಹಳದಿ?”

“ಮಾವಿನಹಣ್ಣು ತಿಂದೆ.”

“ಕಾರ್ತಿಕದಲ್ಲಿ ನಿನಗೊಬ್ಬನಿಗೆ ಹಣ್ಣು ಬಿಟ್ಟಿತೇನು ಮರ?”

ಯಜಮಾನ ಎಡಗೈಯಲ್ಲಿ ಕಾಫಿ ಕುಡಿಯುತ್ತಿದ್ದ. ಬಲಗೈ ಜೇಬಿನಲ್ಲಿತ್ತು. ಹೆಂಡತಿ ನೋಡಿಯೇ ನೋಡಿದಳು.

“ಕೈಗೆ ಏನಾಯಿತು?”

“ಎಲೆ ಅಡಿಕೆ ಹಾಕಿದ್ದೆ. ಕೆಂಪು ಹತ್ತಿದೆ.”

“ಹುಟ್ಟಿದಂದಿನಿಂದ ಎಲೆ ಅಡಿಕೆ ಮುಟ್ಟದವರು, ಬಾಯಿಗೆ ಬಿಟ್ಟು ಕೈಗೆ ಹಾಕಿಕೊಂಡಿರಾ?”

ಮೂವರೂ ಎದ್ದು ಒಳಗೆ ಹೋಗಿ ಬಟ್ಟೆ ತೆಗೆದರು. ಕಣಕ ಕರಿಯಾಗಿತ್ತು. ಬರಿಯ ಕರಿಯೂ ಅಲ್ಲ. ಕೆಸರಿನಲ್ಲಿ ಹೊರಳಿ ಬಂದ ಎಮ್ಮೆಯ ಕರಿ. ಹಾಕಿದ ಹನಿಗಳೆಲ್ಲ ರಾತ್ರಿ ಕಳೆಯುವಷ್ಟರಲ್ಲಿ ಒಳಗೇ ಮಾಗಿದ್ದವು. ಪಕ್ಕದಲ್ಲಿ ಹೊಳೆಗಲ್ಲು ಒಣಗಿ ಬೂದಾಗಿತ್ತು.

ಹೂವಿನವನು ಬಿಳಿ ಕಣಕ ಬೆರೆಸಿ ತಿಳಿ ಮಾಡೋಣವೆಂದ. ಯಜಮಾನ ತಲೆ ಅಲ್ಲಾಡಿಸಿದ. ಅಷ್ಟು ಕರಿಯನ್ನು ತಿಳಿ ಮಾಡಲು ಇಡೀ ಬೇಕರಿಯ ಸಕ್ಕರೆ ಸಾಲದು ಎಂಬುದು ಅವನಿಗೆ ಗೊತ್ತಿತ್ತು. ಹೊಸದಾಗಿ ನಾದಬೇಕು. ಆಗಿನ್ನೂ ಬೆಳಗ್ಗೆ. ಮಧ್ಯಾಹ್ನ ಬಣ್ಣಗಾರ ಬಂದು ಕಲಸಿದರೆ ರಾತ್ರಿಯೆಲ್ಲ ಮಾಗಲು ಸಮಯವಿತ್ತು. ಆದರೆ ಹೊಸದು ಏಕೆ ಎಂದು ಬಣ್ಣಗಾರ ಕೇಳುತ್ತಾನೆ. ಉತ್ತರ ಹೇಳಬೇಕಾಗುತ್ತದೆ. ಹೇಳಬೇಕಾದವನು ನಿಯಮ ಮಾಡಿದವನು.

ಯಜಮಾನ ಒಂದು ದಾರಿ ಹೇಳಿದ.

“ಬಣ್ಣಗಾರ ಕಲಸಿದ್ದೇ ತಪ್ಪು. ಬೆಳಗ್ಗೆ ತೆಗೆದು ನೋಡಿದೆವು, ಕರಿಯಾಗಿತ್ತು. ಸರಿಪಡಿಸಲು ಎಲ್ಲರೂ ಕೈ ಹಾಕಿದೆವು. ಆಗಲಿಲ್ಲ. ನಮ್ಮ ಬೆರಳಿನ ಬಣ್ಣ ಅದರದು. ಮಾವುತನಿಗೂ ಇದನ್ನೇ ಹೇಳೋಣ. ಕರಿಯದನ್ನೇ ಹೊದಿಸಿ ಕೊಡೋಣ. ಮಕ್ಕಳಿಗೆ ಸಿಹಿಯಾದರೆ ಸಾಕು. ತಪ್ಪು ಮಾಡಿದವನನ್ನು ಕೆಲಸದಿಂದ ಬಿಡಿಸಿದೆವು ಎಂದರೆ ಮಾವುತನ ಮನಸ್ಸಿಗೂ ಸಮಾಧಾನ.”

“ಬಿಡಿಸುವುದೇ?” ಎಂದಳು ಯಜಮಾನಿ.

“ಬಿಡಿಸದಿದ್ದರೆ ಯಾರು ನಂಬುತ್ತಾರೆ?”

ಯಜಮಾನಿ ಸುಮ್ಮನಾದಳು. ಹೂವಿನವನು ಆಗಲೇ ಸುಮ್ಮನಿದ್ದ. ಸುಮ್ಮನಿರುವುದು ಅಷ್ಟು ಸುಲಭವೆಂದು ಆ ಇಬ್ಬರಿಗೂ ಅಂದಿನ ತನಕ ತಿಳಿದಿರಲಿಲ್ಲ.

ಆಗ ಯಜಮಾನನ ಕಣ್ಣು ಒಲೆಯವನ ಕೈಯ ಮೇಲೆ ಬಿತ್ತು. ಒಲೆಯವನು ಬಾಗಿಲಲ್ಲಿ ನಿಂತು ಕಾಫಿಯ ಲೋಟ ತೊಳೆಯುತ್ತಿದ್ದ. ಅವನ ಕೈಯಲ್ಲಿ ಹಿಟ್ಟಿನ ಪುಡಿ ಬಿಟ್ಟರೆ ಬೇರೇನೂ ಇರಲಿಲ್ಲ.

“ಬಾ ಇಲ್ಲಿ,” ಎಂದ ಯಜಮಾನ. “ನೀನೂ ಒಂದು ಹನಿ ಹಾಕಿ ನಾದು.”

“ನನಗೆ ಬಣ್ಣ ತಿಳಿಯುವುದಿಲ್ಲ, ಯಜಮಾನರೇ.”

“ತಿಳಿಯುವುದು ಏನೂ ಬೇಕಿಲ್ಲ. ಎಲ್ಲರೂ ಕೈ ಹಾಕಿದೆವು ಎಂದರೆ ಎಲ್ಲರ ಕೈಯಲ್ಲೂ ಇರಬೇಕು. ನಿನ್ನದೊಂದು ಬಿಳಿಯಾಗಿ ಉಳಿದರೆ, ಒಲೆಯವನೇಕೆ ಹಾಕಲಿಲ್ಲ ಎಂದು ಬಣ್ಣಗಾರ ಕೇಳುತ್ತಾನೆ. ಅಲ್ಲಿಂದ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ.”

ಒಲೆಯವನು ಲೋಟ ಕೆಳಗಿಟ್ಟ. ಹೆಜ್ಜೆ ಮುಂದಿಡಲಿಲ್ಲ.

“ನೋಡು, ಅದು ಆಗಲೇ ಕರಿ,” ಎಂದ ಯಜಮಾನ. ಅವನ ದನಿ ಮೆತ್ತಗಿತ್ತು. “ಯಾವ ಸೀಸೆ ಬೇಕಾದರೂ ತೆಗೆದುಕೋ. ನಿನ್ನ ಒಂದು ಹನಿಯಿಂದ ಅದು ಇನ್ನಷ್ಟು ಕರಿಯಾಗುವುದಿಲ್ಲ. ನೀನು ಹಾಕದಿದ್ದರೆ ಬಿಳಿಯೂ ಆಗುವುದಿಲ್ಲ. ಹೇಗೂ ಬಣ್ಣಗಾರ ಹೋಗುತ್ತಾನೆ. ನಿನ್ನಿಂದ ಅವನಿಗೆ ಏನೂ ಆಗಲಿಲ್ಲ ಎಂದು ತಿಳಿದುಕೋ.”

“ಆದರೂ ಬೇಡ.”

“ಓಹೋ. ನೀನೊಬ್ಬ ಮಡಿವಂತ. ನಿನ್ನೆ ಬಟ್ಟೆ ಎತ್ತಿ ನೋಡಿದ್ದು ನಾನು ಕಂಡಿಲ್ಲವೆಂದುಕೊಂಡೆಯೋ?”

“ನೋಡಿದೆ,” ಎಂದ ಒಲೆಯವನು. “ಅದನ್ನು ಬಣ್ಣಗಾರ ಬಂದ ಮೇಲೆ ನಾನೇ ಅವನಿಗೆ ಹೇಳುತ್ತೇನೆ.”

ಯಜಮಾನನ ಮುಖ ಬದಲಾಯಿತು. ಬೇಕರಿಯ ಹಿಂದೆ ಎರಡು ಕೋಣೆಗಳಿದ್ದವು. ಒಲೆಯವನ ಹೆಂಡತಿ, ಅತ್ತೆ, ಇಬ್ಬರು ಹೆಣ್ಣುಮಕ್ಕಳು ಇದ್ದದ್ದು ಅಲ್ಲಿ. ಕೋಣೆಗಳು ಯಜಮಾನನವು.

ಯಜಮಾನ ಕಪ್ಪಿನ ಸೀಸೆಯನ್ನು ತಾನೇ ತಂದು, ಬಿರಡೆ ಬಿಚ್ಚಿ, ಒಲೆಯವನ ಕೈಗೆ ಕೊಟ್ಟ.

“ಒಂದು ಹನಿ ಹಾಕು. ಇಲ್ಲವಾದರೆ ಸಂಜೆಯೊಳಗೆ ಕೋಣೆ ಖಾಲಿ ಮಾಡು. ಒಲೆಗೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ.”

ಯಜಮಾನಿ ಗೋಡೆ ನೋಡಿದಳು. ಹೂವಿನವನು, “ಹಾಕಿಬಿಡೋ, ಒಂದು ಹನಿಗೆ ಮನೆ ಕಳೆದುಕೊಳ್ಳುತ್ತಾರೇನೋ,” ಎಂದ. ಅವನು ಅದನ್ನು ಪ್ರೀತಿಯಿಂದಲೇ ಹೇಳಿದ.

ಗುರುಗಳು ಇಲ್ಲಿ ಕತೆ ನಿಲ್ಲಿಸಿದರು.

“ಗುರುಮಲ್ಲಪ್ಪ, ನೀನು ಗಣಿತದವನು. ಆ ಹನಿ ಬಿದ್ದಿದ್ದರೆ ಕಣಕದ ಬಣ್ಣ ಎಷ್ಟು ಬದಲಾಗುತ್ತಿತ್ತು?”

“ಏನೂ ಇಲ್ಲ, ಬುದ್ಧಿ. ಯಜಮಾನ ಹೇಳಿದ್ದು ಸರಿ.”

“ಬೆಲೆ?”

“ಸೊನ್ನೆ.”

“ಸೊನ್ನೆಯಾಗಿದ್ದರೆ, ಅದನ್ನು ಕೊಳ್ಳಲು ಯಜಮಾನ ಒಂದು ಸಂಸಾರದ ಸೂರನ್ನೇ ಮುಂದಿಟ್ಟನೇಕೆ? ಅವನು ವ್ಯಾಪಾರಿ. ಸೊನ್ನೆಗೆ ಅಷ್ಟು ಕೊಡುವವನಲ್ಲ.”

ಉಳಿದ ಮೇಷ್ಟ್ರುಗಳು ಆ ವಾರದಲ್ಲಿ ತನ್ನ ಮನೆಗೆ ಒಬ್ಬೊಬ್ಬರಾಗಿ ಬಂದು, ಚಹಾ ಕುಡಿದು, ನಿಮ್ಮದೊಂದು ಮಾತು ಸೇರಿದರೆ ಮುಗಿಯಿತು ಎಂದು ಹೇಳಿ ಹೋದದ್ದು ಗುರುಮಲ್ಲಪ್ಪನಿಗೆ ನೆನಪಾಗಿರಬೇಕು. ಅದನ್ನು ಅವನು ಗುರುಗಳಿಗೆ ಹೇಳಿರಲಿಲ್ಲ.

ಅವನು ಕೇಳಿದ. “ಒಲೆಯವನು ಏನು ಮಾಡಿದ, ಬುದ್ಧಿ?”

ಗುರುಗಳು ಎದ್ದು ನಿಂತು, ಶಲ್ಯ ಸರಿಪಡಿಸಿಕೊಂಡು ಹೇಳಿದರು:

“ಸೀಸೆಗೆ ಬಿರಡೆ ಹಾಕಿಟ್ಟು, ತೊಳೆದ ಹರಿವಾಣವೊಂದನ್ನು ತೆಗೆದುಕೊಂಡು ಬಣ್ಣಗಾರನಿಗೆಂದು ಬಿಳಿ ಸಕ್ಕರೆ ನಾದಲು ಕುಳಿತ; ಆ ಬೇಕರಿಯಲ್ಲಿ ಬಿಳಿಯನ್ನು ಮುಟ್ಟಬಲ್ಲ ಕೈ ಅದೊಂದೇ ಉಳಿದಿತ್ತು.”